ಕಷ್ಟಕಾಲದ ಸೇವೆ: ಸಾವಿತ್ರಿಬಾಯಿಯವರಿಂದ ಒಂದು ಪಾಠ



ಹೊಟ್ಟೆ ತುಂಬಿದಾಗ ನಂಬಿಕೆಯ ಮಾತು ಸುಲಭ. ಕೆಲಸ ನಿಂತು, ಮನೆಯೊಳಗೆ ರೋಗ ಹೊಕ್ಕಾಗ ಆ ನಂಬಿಕೆ ಎಲ್ಲಿಂದ ಬರಬೇಕು? ಈ ಪಾಠದಲ್ಲಿ ಅದನ್ನೇ ವಿಚಾರ ಮಾಡೋಣ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಮರುವರ್ಷದ ಆರಂಭದಲ್ಲಿ ಪುಣೆಯಲ್ಲಿ ಹಬ್ಬಿತು. 1898ರಲ್ಲಿ ಬೆಂಗಳೂರನ್ನೂ ಮುಟ್ಟಿತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಕಾಲದ ಕತೆಯನ್ನು ನಮ್ಮಲ್ಲಿ ಅನೇಕರು ಹಿರಿಯರಿಂದ ಕೇಳಿದ್ದೇವೆ. ಇಲಿಯ ಮೈಮೇಲಿನ ಚಿಗಟದಿಂದ ಈ ರೋಗ ಹರಡುವುದೆಂದು ಪಾಲ್ ಲೂಯಿ ಸೀಮೋಂ ಎಂಬ ಫ್ರೆಂಚ್ ವೈದ್ಯರು ಕಂಡುಕೊಂಡದ್ದು 1898ರಲ್ಲಿ. ಎಂದರೆ, ಪುಣೆಯಲ್ಲಿ ರೋಗಿಗಳ ಬಳಿಗೆ ಹೋದವರಿಗೆ ಅಪಾಯ ಯಾವ ದಾರಿಯಿಂದ ಬರುವುದೆಂದೇ ತಿಳಿದಿರಲಿಲ್ಲ.

ಆಗ ಸಾವಿತ್ರಿಬಾಯಿ ಫುಲೆಯವರಿಗೆ 66 ವರ್ಷ. 1848ರಲ್ಲಿ ಪತಿ ಜೋತಿರಾಯರೊಡನೆ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದವರು ಇವರೇ. 1890ರಲ್ಲಿ ಪತಿ ತೀರಿಕೊಂಡರೂ ಸತ್ಯಶೋಧಕ ಸಮಾಜದ ಕೆಲಸ ಬಿಡಲಿಲ್ಲ. ದತ್ತುಪುತ್ರ ಡಾಕ್ಟರ್ ಯಶವಂತರು ಹಡಪಸರದ ಬಳಿ ಪ್ಲೇಗು ರೋಗಿಗಳಿಗೆ ಚಿಕಿತ್ಸಾಲಯ ತೆರೆದರು. ಸಾವಿತ್ರಿಬಾಯಿ ರೋಗಿಗಳನ್ನು ಅಲ್ಲಿಗೆ ಕರೆತಂದು ಆರೈಕೆ ಮಾಡಿದರು. ಮುಂಢವೆಯ ಒಬ್ಬ ಹುಡುಗನನ್ನು ಬೆನ್ನ ಮೇಲೆ ಹೊತ್ತು ತಂದರೆಂದು ಹೇಳುತ್ತಾರೆ. ಅದೇ ರೋಗ ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು.

ಎಲ್ಲ ಮನುಷ್ಯರೂ ಒಬ್ಬ ದೇವರ ಮಕ್ಕಳು, ನಡುವೆ ದಲ್ಲಾಳಿ ಬೇಡ ಎಂಬುದು ಸತ್ಯಶೋಧಕರ ನಂಬಿಕೆ. ಎಲ್ಲರೂ ಮಕ್ಕಳೆಂದ ಮೇಲೆ ರೋಗಿ ಪರರವನಾಗುವುದು ಹೇಗೆ? ಅವರ ನಂಬಿಕೆ ಒಂದು, ಕೆಲಸ ಇನ್ನೊಂದು ಆಗಿರಲಿಲ್ಲ.

ಇನ್ನು ನಮ್ಮ ಮಾತು. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಂದ್ ಆಯಿತು. ಗಿರಣಿ ನಿಂತಿತು, ವಾಚನಾಲಯಕ್ಕೆ ಬೀಗ ಬಿದ್ದಿತು. ಮೇ 1ರಿಂದ ಶ್ರಮಿಕರ ರೈಲುಗಳು ಹೊರಟಾಗ, ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಕೂಲಿಕಾರರ ಅರ್ಜಿ ತುಂಬಲು ನಾವು ಚಾಳಿನ ಮೆಟ್ಟಿಲ ಮೇಲೆ ಕುಳಿತೆವು. ಹಾಜರಿ ಪುಸ್ತಕ ಬರೆದು ರೂಢಿಯಾದ ಕೈ; ಬೇರೇನೂ ನಮಗೆ ಬರುತ್ತಿರಲಿಲ್ಲ. ದಿನಗಳು ಕಳೆದರೂ ಕರೆ ಬರಲಿಲ್ಲ. ನಮ್ಮ ಸಂಬಳವೂ ಅರ್ಧವಾಗಿತ್ತು. ಇಷ್ಟೆಲ್ಲ ಬರೆದು ಯಾರಿಗೆ ಏನು ಸಿಕ್ಕಿತೆಂದು ಬೇಸತ್ತು, ನಾಳೆಯಿಂದ ಬರುವುದಿಲ್ಲವೆಂದು ಒಬ್ಬ ಅಜ್ಜನಿಗೆ ಹೇಳಿಯೇಬಿಟ್ಟೆವು.

ಅಜ್ಜ ಅಂದ: "ರೈಲು ಬರ್ಲಿ ಬಿಡ್ಲಿರೀ. ನಮ್ಮ ಹೆಸರು ಬರಕೊಂಡೀರಲ್ಲ, ನಾವು ಇಲ್ಲಿ ಅದೀವಿ ಅಂತ ಒಬ್ಬರಿಗರೆ ಗೊತ್ತಾತು."

ಮರುದಿನ ಮತ್ತೆ ಹೋಗಿ ಕುಳಿತೆವು. ನಂಬಿಕೆ ಗಟ್ಟಿಯಾದ ಮೇಲೆ ಸೇವೆಗೆ ಹೊರಟವರಲ್ಲ ನಾವು. ಅರ್ಜಿಯ ಮೇಲೆ ಅರ್ಜಿ ಬರೆಯುತ್ತ ಅದು ನಮ್ಮಲ್ಲಿ ಬೆಳೆಯಿತು.

ಒಂದು ಎಚ್ಚರಿಕೆ: ಸೇವೆಯೆಂದರೆ ಅಜಾಗರೂಕತೆಯಲ್ಲ. ಅವರಿಗೆ ತಿಳಿಯದಿದ್ದುದು ಇಂದು ನಮಗೆ ತಿಳಿದಿದೆ. ರೋಗಿಯ ಬಳಿ ಹೋಗುವವರು ಸಾಬೂನು, ಮುಖಗವಸು, ಲಸಿಕೆ ಮರೆಯಬಾರದು.

ವಿಚಾರಕ್ಕೆ:

1. ನಮಗೆ ಚೆನ್ನಾಗಿ ಬರುವ ಒಂದು ಕೆಲಸ ಯಾವುದು? ಅದು ನೆರೆಮನೆಗೆ ಹೇಗೆ ಉಪಯೋಗವಾದೀತು?

2. ಫಲ ಕಾಣದಾಗ ನಾವು ಬಿಟ್ಟ ಕೆಲಸ ಯಾವುದು? ಅದನ್ನು ಮತ್ತೆ ಹಿಡಿಯಬಹುದೇ?

ಉತ್ತರ ಬರೆದು ವಾಚನಾಲಯದ ಪೆಟ್ಟಿಗೆಯಲ್ಲಿ ಹಾಕಿರಿ. ಬರೆಯಲು ಬಾರದವರು ಬನ್ನಿರಿ, ನಾವು ಬರೆದುಕೊಳ್ಳುತ್ತೇವೆ.