ಹಾಲಕ್ಕಿ : ಹೊಲದಂಚಿನ ಸಣ್ಣ ಗೂಬೆ

ಬೀದರ ನಗರಕ್ಕೆ ಸೇರಿದ ನೌಬಾದದ ನೆಲದಡಿಯಲ್ಲಿ ಬಹಮನಿ ಅರಸರ ಕಾಲದ ಸುರಂಗ ಕಾಲುವೆ ಇರುವುದನ್ನು ಈ ಸೀಮೆಯವರು ಬಲ್ಲರು. ಕಣ್ಣಿಗೆ ಕಾಣದೆ ನೀರೊದಗಿಸುತ್ತಿದ್ದ ಆ ಕಾಲುವೆಯನ್ನು ಜನರು ಬಹುಕಾಲ ಮರೆತಿದ್ದರು. ಕತ್ತಲಲ್ಲಿ ಕಾಣದೆ ಪೈರಿನ ಶತ್ರುಗಳನ್ನು ಹಿಡಿಯುವ ಒಂದು ಸಣ್ಣ ಹಕ್ಕಿಯ ವಿಷಯದಲ್ಲಿಯೂ ನಮ್ಮ ನಡೆ ಹಾಗೆಯೇ ಇದೆ. ಮರೆತದ್ದು ಮಾತ್ರವಲ್ಲದೆ, ಅಪಶಕುನವೆಂದು ಅದನ್ನು ಕಲ್ಲೆಸೆದು ಓಡಿಸುವುದೂ ಉಂಟು. ಆದುದರಿಂದ ಅದರ ಸ್ವಭಾವವನ್ನು ಇಲ್ಲಿ ವಿವರಿಸಲಾಗಿದೆ.

ಗುರುತು :— ಹಾಲಕ್ಕಿಯು ಸುಮಾರು ಎಂಟು ಅಂಗುಲ, ಎಂದರೆ ೨೧ ಸೆಂಟಿಮೀಟರ್ ಉದ್ದದ, ದುಂಡು ತಲೆಯ ಗೂಬೆ. ಮೈ ಬೂದುಗಂದು, ತಲೆ, ಬೆನ್ನುಗಳ ಮೇಲೆ ಬಿಳಿಯ ಚುಕ್ಕೆಗಳು, ಕಣ್ಣು ಹಳದಿ, ಹುಬ್ಬು ಬಿಳುಪು. ಮನುಷ್ಯನು ಸಮೀಪಿಸಿದರೆ ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತ ದಿಟ್ಟಿಸುವುದು ಇದರ ವಾಡಿಕೆ. ಕಣ್ಣುಗುಡ್ಡೆಗಳು ಅತ್ತಿತ್ತ ಹೊರಳಲಾರವಾದುದರಿಂದ ಕುತ್ತಿಗೆಯನ್ನೇ ಬಹುಮಟ್ಟಿಗೆ ಹಿಂದಕ್ಕೆ ತಿರುಗಿಸಿ ನೋಡಬೇಕಾಗುತ್ತದೆ. ಇದನ್ನೇ ಮರಾಠಿ ಆಡುವವರು ಪಿಂಗಳಾ ಎನ್ನುವರು.

ಕೂಗು :— ಸಂಜೆ ಕವಿಯುತ್ತಲೇ ಹಗಲಿನ ತಾಣದಿಂದ ಹೊರಬಿದ್ದು, ಜೋಡಿಯೆರಡೂ ಕಿರಿಚಿದಂತೆ ಕೂಗುವುವು. ಇದು ಜೊತೆಗಾರನನ್ನು ಕರೆಯುವ ಮತ್ತು ನೆರೆಯ ಜೋಡಿಗೆ ತಮ್ಮ ಎಲ್ಲೆಯನ್ನು ತಿಳಿಸುವ ದನಿಯೇ ಹೊರತು ಯಾರ ಮರಣವನ್ನೂ ಸಾರುವುದಲ್ಲ. ಬುಡಬುಡಕೆಯವರು ಮನೆ ಬಾಗಿಲಿಗೆ ಬಂದು ಹಾಲಕ್ಕಿ ಶುಭ ನುಡಿಯಿತೆಂದರೆ ಕಾಳು ಕೊಟ್ಟು ಕಳುಹಿಸುತ್ತೇವೆ. ಅದೇ ಹಕ್ಕಿ ಮಾಳಿಗೆಯ ಮೇಲೆ ಕೂತು ತಾನೇ ನುಡಿದರೆ ಗೂಬೆಯೆಂದು ಅಂಜುತ್ತೇವೆ. ಎರಡೂ ಒಂದೇ ಹಕ್ಕಿಯೆಂಬುದನ್ನು ರೈತಬಾಂಧವರು ಯೋಚಿಸತಕ್ಕದ್ದು.

ಆಹಾರ :— ಇದು ಕಾಳನ್ನು ಮುಟ್ಟುವುದಿಲ್ಲ. ದುಂಬಿ, ಮಿಡತೆ, ಚಿಮ್ಮಂಡೆ, ಪತಂಗಗಳೇ ಇದರ ಹೆಚ್ಚಿನ ಆಹಾರ; ಜೊತೆಗೆ ಚಿಟ್ಟಿಲಿ, ಇಲಿಮರಿ, ಹಲ್ಲಿ, ಒಮ್ಮೊಮ್ಮೆ ಸಣ್ಣ ಹಕ್ಕಿಗಳನ್ನೂ ಹಿಡಿಯುತ್ತದೆ. ಮುಂಗಾರಿನ ಮೊದಲ ಮಳೆಯಾದೊಡನೆ ಗೊಣ್ಣೆಹುಳುವಿನ ದುಂಬಿಗಳು ನೆಲದಿಂದೆದ್ದು ಬೇವು, ಜಾಲಿ ಮರಗಳಿಗೆ ಮುತ್ತುವ ಹೊತ್ತೂ ಸಂಜೆಯೇ, ಈ ಹಕ್ಕಿ ಬೇಟೆಗೆ ಹೊರಡುವ ಹೊತ್ತೂ ಸಂಜೆಯೇ. ಬಲಿತ ಹೆಗ್ಗಣವನ್ನು ಕೊಲ್ಲುವ ಶಕ್ತಿ ಇದಕ್ಕಿಲ್ಲ. ಆ ಕೆಲಸ ದೊಡ್ಡ ಗೂಬೆಗಳದು. ಜೀರ್ಣವಾಗದ ಮೂಳೆ, ಕೂದಲು, ದುಂಬಿಯ ಚಿಪ್ಪುಗಳನ್ನು ಇದು ಉಂಡೆಯಾಗಿ ಬಾಯಿಂದ ಹೊರಹಾಕುತ್ತದೆ. ಹಕ್ಕಿ ಕೂರುವ ಮರದಡಿ ಅಂಥ ಉಂಡೆಯನ್ನು ಆಯ್ದು, ನೀರಿನಲ್ಲಿ ನೆನೆಸಿ, ಕಡ್ಡಿಯಿಂದ ಬಿಡಿಸಿ ನೋಡಿದರೆ, ಅದು ಏನು ತಿಂದಿತೆಂಬುದು ಶಾಲೆಯ ಮಕ್ಕಳಿಗೂ ತಿಳಿಯುವುದು.

ಗೂಡು :— ಈ ಹಕ್ಕಿಗೆ ಮರ ಕೊರೆಯುವ ಕೊಕ್ಕಿಲ್ಲ. ಹಳೆಯ ಬೇವು, ಹುಣಿಸೆ, ಮಾವು, ಆಲಗಳಲ್ಲಿ ತಾನಾಗಿ ಆದ ಪೊಟರೆ, ಇಲ್ಲವೆ ಪಾಳುಗೋಡೆಯ ಸಂದುಗಳೇ ಇದಕ್ಕೆ ಗತಿ. ಅವಕ್ಕೂ ಗಿಳಿ, ಗೊರವಂಕಗಳು ಪೈಪೋಟಿಗೆ ಬರುತ್ತವೆ. ನವೆಂಬರಿನಿಂದ ಏಪ್ರಿಲ್ ವರೆಗೆ ಮೂರು ನಾಲ್ಕು ದುಂಡನೆಯ ಬಿಳಿ ಮೊಟ್ಟೆಗಳನ್ನಿಡುತ್ತದೆ. ಮೊದಲ ಮೊಟ್ಟೆಯಿಂದಲೇ ಕಾವು ಕೂರುವುದರಿಂದ ಮರಿಗಳು ಮುಂದುಹಿಂದಾಗಿ ಹೊರಬರುತ್ತವೆ. ತಿಂಗಳೊಂದು ಕಾವು, ಮತ್ತೆ ಸುಮಾರು ತಿಂಗಳೊಂದು ಸಾಕಣೆ. ತಾಯಿ ತಂದೆ ಇಬ್ಬರೂ ಮರಿಗಳಿಗೆ ತಿನಿಸು ತರುತ್ತವೆ. ತೊಗರಿಯ ಕಟಾವು, ಕಡಲೆ ಮತ್ತು ಹಿಂಗಾರಿ ಜೋಳದ ರಾಶಿ ನಡೆಯುವುದೂ ಇದೇ ಅವಧಿಯಲ್ಲಿ. ರಾಶಿ ಮುಗಿದ ಬಿಡುವಿನಲ್ಲಿ ಬದುವಿನ ಟೊಳ್ಳು ಮರವನ್ನು ಸೌದೆಗೆ ಕಡಿದರೆ, ಮರದೊಡನೆ ಒಂದು ಸಂಸಾರವೂ ಬೀಳುತ್ತದೆ. ಹೊಸ ಸಸಿ ನೆಟ್ಟರೂ ಅದರಲ್ಲಿ ಪೊಟರೆ ಮೂಡುವುದಕ್ಕೆ ಅನೇಕ ವರ್ಷಗಳು ಹಿಡಿಯುತ್ತವೆ.

ವಿಷದ ಅಪಾಯ :— ಬ್ರೋಮಾಡಿಯೋಲೋನ್ ಮೊದಲಾದ ಇಲಿಪಾಷಾಣಗಳು ರಕ್ತ ಹೆಪ್ಪುಗಟ್ಟದಂತೆ ಮಾಡಿ, ಇಲಿಯನ್ನು ಕೆಲವು ದಿನಗಳ ಮೇಲೆ ಕೊಲ್ಲುವುವು. ಅಷ್ಟರೊಳಗೆ ಮಂಕಾಗಿ ತಿರುಗುವ ಇಲಿಯು ಗೂಬೆಗೆ ಸುಲಭದ ತುತ್ತಾಗುತ್ತದೆ. ಇಲಿಯ ಮೈಯೊಳಗಿನ ವಿಷವು ಗೂಬೆಗೂ ಸೇರುತ್ತದೆ. ಹೀಗೆ ಕೂಲಿಯಿಲ್ಲದೆ ಇಲಿ ಹಿಡಿಯುವ ಆಳನ್ನು ನಾವೇ ಕೊಂದಂತಾಗುವುದು.

ರೈತರು ಅನುಸರಿಸತಕ್ಕ ಕ್ರಮಗಳು :—
೧. ಬದುವಿನಲ್ಲಿರುವ ಪೊಟರೆಯ ಮರಗಳಲ್ಲಿ ಒಂದೆರಡನ್ನಾದರೂ ಕಡಿಯದೆ ಉಳಿಸಬೇಕು. ಕಡಿಯಲೇಬೇಕಾದಲ್ಲಿ ಪೊಟರೆಯನ್ನು ಮೊದಲು ಪರೀಕ್ಷಿಸಿ, ಮರಿಗಳು ಹಾರಿಹೋಗುವ ತನಕ ತಾಳಬೇಕು.
೨. ಇಲಿಪಾಷಾಣವನ್ನು ಬಯಲಲ್ಲಿ ಚೆಲ್ಲದೆ ಬಿಲದೊಳಗಿಟ್ಟು ಬಾಯಿ ಮುಚ್ಚಬೇಕು; ಸತ್ತ ಇಲಿಗಳನ್ನು ಆರಿಸಿ ಆಳವಾಗಿ ಹೂಳಬೇಕು.
೩. ತೊಗರಿ, ಕಡಲೆ ಹೊಲಗಳಲ್ಲಿ ಪೈರಿಗಿಂತ ಒಂದೆರಡು ಅಡಿ ಎತ್ತರವಾಗಿ ಅಡ್ಡಪಟ್ಟಿಯ ಕೋಲುಗಳನ್ನು ನೆಡಬೇಕು. ಹಗಲು ಕಾಜಾಣವೂ ಇರುಳು ಹಾಲಕ್ಕಿಯೂ ಅಲ್ಲಿ ಕೂತು ಹುಳುಗಳನ್ನು ಹಿಡಿಯುವುವು.
೪. ದೀಪಾವಳಿಯ ಅಮಾವಾಸ್ಯೆಯ ಸುಮಾರಿಗೆ ಮಾಟಮಂತ್ರಕ್ಕೆಂದು ಗೂಬೆಗಳನ್ನು ಹಿಡಿದು ಮಾರುವವರುಂಟು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದು ಶಿಕ್ಷಾರ್ಹ ಅಪರಾಧ. ಅಂಥವರು ಕಂಡುಬಂದಲ್ಲಿ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು.

ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಖರ್ಚಿಲ್ಲ. ಒಂದು ಮುದಿ ಬೇವಿನ ಮರ ಸುಟ್ಟರೆ ಕೆಲವು ದಿನಗಳ ಸೌದೆ. ನಿಂತರೆ ಹಲವು ವರ್ಷಗಳ ಇರುಳುಗಾವಲು. ಇವೆರಡರಲ್ಲಿ ಯಾವುದು ಲಾಭವೆಂಬುದನ್ನು ಒಕ್ಕಲುತನ ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.