ಸೇವಾ ಕ್ಲಬ್ಬಿನ ಬೆಳವಣಿಗೆಯನ್ನು ಅಳೆಯುವುದು ಹೇಗೆ? ಒಂಬತ್ತನೇ ತರಗತಿಯ ಒಂದು ಪಾಠ

ತರಗತಿ: 9
ಅವಧಿ: 40 ನಿಮಿಷಗಳ ಎರಡು ಪಿರಿಯಡ್
ಸ್ಥಳ: ಕೆಂಗೇರಿ ಉಪನಗರದ ಒಂದು ಪ್ರೌಢಶಾಲೆ
ಉಪಕರಣಗಳು: ಕಪ್ಪುಹಲಗೆ, ಗ್ರಾಫ್ ಹಾಳೆ, ಕ್ಲಬ್ಬಿನ ದಾಖಲೆ ಪುಸ್ತಕ

ಹಿನ್ನೆಲೆ

ಇಂಟರ್ನ್‌ಷಿಪ್‌ನಲ್ಲಿ ನನ್ನ ಪಾಲಿಗೆ ಬಂದದ್ದು ಶಾಲೆಯ ಇಂಟರಾಕ್ಟ್ ಕ್ಲಬ್. ರೋಟರಿ ಸಂಸ್ಥೆ 1962ರಲ್ಲಿ ಆರಂಭಿಸಿದ ಈ ಕ್ಲಬ್ 12ರಿಂದ 18 ವರ್ಷದವರಿಗಾಗಿ ಇದೆ. ವರ್ಷಕ್ಕೆ ಕನಿಷ್ಠ ಎರಡು ಯೋಜನೆಗಳನ್ನು ಕೈಗೊಳ್ಳಬೇಕು. ಅವುಗಳಲ್ಲಿ ಒಂದು ಶಾಲೆಗೋ ಊರಿಗೋ ಉಪಯೋಗವಾಗುವಂಥದ್ದು.

ಇಂಥ ಕ್ಲಬ್ಬುಗಳ ದಾಖಲೆ ಪುಸ್ತಕದಲ್ಲಿ ಸಾಮಾನ್ಯವಾಗಿ ಜಾಥಾ, ಸಸಿ ನೆಡುವಿಕೆ, ಭಾಗವಹಿಸಿದವರ ಸಂಖ್ಯೆ ಇರುತ್ತವೆ. ಆಮೇಲೆ ಬೀದಿಯಲ್ಲಿ ಏನು ಬದಲಾಯಿತು ಎಂಬ ಕಾಲಂ ಇರುವುದಿಲ್ಲ. ಎರಡು ವರ್ಷದ ಬಿ.ಎಡ್.ನಲ್ಲಿ ಇಂಟರ್ನ್‌ಷಿಪ್ 20 ವಾರ. ಅದು ಮುಗಿದರೆ ನಾವು ಹೊರಡುತ್ತೇವೆ; ಹತ್ತನೇ ತರಗತಿಯವರು ಎಸ್‌ಎಸ್‌ಎಲ್‌ಸಿ ಓದಿಗೆ ಕೂರುತ್ತಾರೆ. ಕೆಲಸ ಮುಂದುವರಿಯಬೇಕಾದರೆ ಅದರ ವ್ಯವಸ್ಥೆ ಯೋಜನೆಯಲ್ಲೇ ಇರಬೇಕು.

ಕಲಿಕಾಫಲಗಳು

1. ಚಟುವಟಿಕೆಗೂ ಪರಿಣಾಮಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವರು.
2. ಶೇಕಡಾವಾರು ಲೆಕ್ಕದಿಂದ ಬದಲಾವಣೆಯನ್ನು ಅಳೆಯುವರು.
3. ಮುಂದಿನ ತಂಡಕ್ಕೆ ಕೆಲಸ ಒಪ್ಪಿಸುವ ಪುಟವನ್ನು ಬರೆಯುವರು.

ಪಾಠದ ಹಂತಗಳು

ತೊಡಗಿಸಿಕೊಳ್ಳುವಿಕೆ: ವೃಷಭಾವತಿ ನದಿಯ ನಕ್ಷೆಯನ್ನು ಹಲಗೆಯ ಮೇಲೆ ಬರೆದೆ. ರಾಜಾಜಿನಗರ, ವಿಜಯನಗರದ ಕಡೆಯ ರಾಜಕಾಲುವೆಗಳಿಗೆ ಬಿದ್ದ ಕಸ ನದಿಗೆ ಸೇರಿ, ಮೈಸೂರು ರಸ್ತೆಯ ಪಕ್ಕದಲ್ಲೇ ಹರಿದು, ಕೆಂಗೇರಿ ದಾಟಿ, ಬಿಡದಿ ಸಮೀಪದ ಬೈರಮಂಗಲ ಕೆರೆಯತ್ತ ಹೋಗುತ್ತದೆ. "ನಮ್ಮ ಬೀದಿಯ ಕಸ ಯಾರ ಹೊಲಕ್ಕೆ ಹೋಗುತ್ತದೆ?" ಎಂಬ ಪ್ರಶ್ನೆಯಿಂದ ಚರ್ಚೆ ಶುರುವಾಯಿತು. ಮಕ್ಕಳೇ ಆಯ್ದುಕೊಂಡ ಕೆಲಸ: ಹಸಿ ಕಸ, ಒಣ ಕಸ ಬೇರೆ ಮಾಡುವ ಮನೆಗಳನ್ನು ಹೆಚ್ಚಿಸುವುದು.

ಅನ್ವೇಷಣೆ: ಪ್ರಚಾರಕ್ಕೆ ಮೊದಲು ಎಣಿಕೆ. ಬೆಳಿಗ್ಗೆ ಕಸದ ಆಟೋ ಬಂದಾಗ ತಮ್ಮ ಮನೆ ಬಾಗಿಲಲ್ಲೇ ನಿಂತು, ಎಷ್ಟು ಮನೆಯವರು ಬೇರೆ ಮಾಡಿ ಕೊಟ್ಟರು ಎಂದಷ್ಟೇ ಬರೆಯಬೇಕು. ಕಸ ಮುಟ್ಟುವಂತಿಲ್ಲ, ರಾಜಕಾಲುವೆ ಹತ್ತಿರ ಹೋಗುವಂತಿಲ್ಲ, ಯಾರ ಹೆಸರನ್ನೂ ಮನೆ ನಂಬರನ್ನೂ ಬರೆಯುವಂತಿಲ್ಲ. ಪೌರಕಾರ್ಮಿಕರ ಕೆಲಸಕ್ಕೆ ಅಡ್ಡಿಯಾಗಬಾರದು.

ವಿವರಣೆ: ಹಲಗೆಯ ಮೇಲೆ ಒಂದು ಕಲ್ಪಿತ ಲೆಕ್ಕ ಕೊಟ್ಟೆ. ಕ್ಲಬ್ ಕೆಲಸ ಮಾಡಿದ ಬೀದಿಯ 20 ಮನೆಗಳಲ್ಲಿ ಮೊದಲು 8, ಆರು ವಾರದ ನಂತರ 13 ಮನೆಗಳು ಕಸ ಬೇರೆ ಮಾಡಿದವು, ಅಂದರೆ ಶೇ. 40ರಿಂದ 65. ಹೋಲಿಕೆಗೆ ಇಟ್ಟುಕೊಂಡ ಪಕ್ಕದ ಬೀದಿಯ 20 ಮನೆಗಳಲ್ಲಿ ನಾವು ಏನೂ ಮಾಡದಿದ್ದರೂ 8 ಇದ್ದದ್ದು 10 ಆಯಿತು, ಶೇ. 40ರಿಂದ 50. ಹಾಗಾದರೆ 25 ಅಂಶದ ಏರಿಕೆಯಲ್ಲಿ 10 ಕಳೆದು, 15ನ್ನು ಮಾತ್ರ ಕ್ಲಬ್ಬಿನ ಪಾಲೆಂದು ಅಂದಾಜಿಸಬಹುದು. ಪ್ರಯೋಗಶಾಲೆಯಲ್ಲಿ ನಿಯಂತ್ರಿತ ಗುಂಪು ಯಾಕೆ ಬೇಕು ಎಂಬುದು ಇಲ್ಲಿ ಬೇಗ ಅರ್ಥವಾಯಿತು.

ಆಗ ಒಬ್ಬ ಹುಡುಗಿ ಕೇಳಿದಳು: "ಮಿಸ್, ಲೆಕ್ಕ ಸರಿ ಬರಲಿ ಅಂತ ಪಕ್ಕದ ಬೀದಿಯವರಿಗೆ ಹೇಳದೇ ಇರೋದು ಸರೀನಾ?" ಪ್ರಶ್ನೆಯನ್ನು ತರಗತಿಗೇ ಬಿಟ್ಟೆ. ಹತ್ತು ನಿಮಿಷದ ವಾದದ ನಂತರ ಅವರೇ ಕಂಡುಕೊಂಡ ದಾರಿ: ಈ ಬಾರಿ ಹೋಲಿಕೆಗೆ ಇಟ್ಟ ಬೀದಿಯೇ ಮುಂದಿನ ಬಾರಿ ಕ್ಲಬ್ ಹೋಗುವ ಬೀದಿ. ಇಡೀ ಪಾಠದ ತಿರುಳು ಇದೇ. ಸದಸ್ಯರ ಸಂಖ್ಯೆ ಏರುವುದೊಂದೇ ಬೆಳವಣಿಗೆಯಲ್ಲ. ಒಂದು ಬೀದಿಯಲ್ಲಿ ಫಲ ಕೊಟ್ಟ ಕೆಲಸ ಇನ್ನೊಂದು ಬೀದಿಗೆ ಹೋಗುವುದು ಬೆಳವಣಿಗೆ.

ವಿಸ್ತರಣೆ: ಪ್ರತಿ ತಂಡವೂ ಒಂದು ಪುಟದ ಯೋಜನೆ ಬರೆಯಿತು. ಅದರಲ್ಲಿ ಮೂರೇ ಕಾಲಂ: ಏನು ಮಾಡುತ್ತೇವೆ, ಏನು ಬದಲಾಗಬೇಕು, ನಮ್ಮ ನಂತರ ಯಾರು. ಮೂರನೆಯದಕ್ಕೆ ಎಂಟನೇ ತರಗತಿಯ ಇಬ್ಬರನ್ನು ಈಗಲೇ ಜೊತೆಗೆ ಸೇರಿಸಿಕೊಳ್ಳಬೇಕು. ಎಣಿಸುವ ಕ್ರಮವನ್ನು ಅವರಿಗೆ ಕಲಿಸಿಕೊಡಬೇಕು.

ಮೌಲ್ಯಮಾಪನ: "200 ಮಂದಿ ಜಾಥಾದಲ್ಲಿ ನಡೆದರು" ಮತ್ತು "ಐದು ಮನೆಗಳು ಹೊಸದಾಗಿ ಕಸ ಬೇರೆ ಮಾಡುತ್ತಿವೆ" — ಇವುಗಳಲ್ಲಿ ಪರಿಣಾಮ ಯಾವುದು, ಯಾಕೆ? ಉತ್ತರಕ್ಕಿಂತ ಕಾರಣಕ್ಕೆ ಹೆಚ್ಚು ಅಂಕ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ಇಂಟರ್ನ್‌ಷಿಪ್‌ನ ಮೊದಲ ವಾರಗಳಲ್ಲೇ ತೆಗೆದುಕೊಳ್ಳುವುದು ಒಳ್ಳೆಯದು. ಆರಂಭದ ಎಣಿಕೆಗೂ ಕೊನೆಯ ಎಣಿಕೆಗೂ ನಡುವೆ ಆರು ವಾರವಾದರೂ ಬೇಕು. ಕಸದ ಬದಲು ಗ್ರಂಥಾಲಯದ ಪುಸ್ತಕ ಬಳಕೆ, ನೀರಿನ ನಲ್ಲಿ ಸೋರಿಕೆ, ಯಾವುದನ್ನಾದರೂ ಆಯ್ದುಕೊಳ್ಳಬಹುದು. ಅದು ಮಕ್ಕಳು ತಾವೇ ಎಣಿಸಬಲ್ಲದ್ದಾಗಿರಬೇಕು. ಎಣಿಕೆ ಏರದಿದ್ದರೂ ಬರೆದಿಡಿ. ಯಾವ ದಾರಿ ಫಲಿಸಲಿಲ್ಲ ಎಂದು ತಿಳಿಯುವುದು ಮುಂದಿನ ತಂಡಕ್ಕೆ ದೊಡ್ಡ ಉಪಕಾರ.

ಅಧ್ಯಾಪಕರಲ್ಲಿ ಒಂದು ವಿನಂತಿ: ಸಮುದಾಯ ಕಾರ್ಯದ ದಾಖಲೆಯಲ್ಲಿ ಫೋಟೊ, ವರದಿಗಳ ಜೊತೆಗೆ "ಒಪ್ಪಿಸುವ ಪುಟ"ವನ್ನೂ ಕೇಳಿ, ಅದಕ್ಕೂ ಅಂಕ ಕೊಡಿ. ಅದೇ ಶಾಲೆಗೆ ಮುಂದಿನ ವರ್ಷ ಹೋಗುವ ಪ್ರಶಿಕ್ಷಣಾರ್ಥಿ ಆಗ ಮೊದಲಿನಿಂದ ಶುರುಮಾಡಬೇಕಾಗಿಲ್ಲ; ಎರಡನೇ ಬೀದಿಯಿಂದ ಶುರುಮಾಡಬಹುದು.