ಕಂಟೇನರಿನ ಕಾವಲು

ನಮ್ಮ ನಾಡಿನ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ತಂತ್ರಾಂಶದ ಉದ್ಯೋಗವನ್ನು ಕೈಕೊಂಡಿರುವರು. “ನಮ್ಮ ಮಗಳು ದಿನವೆಲ್ಲ ಮಾಡುವ ಕೆಲಸವಾದರೂ ಏನು?” ಎಂದು ತಂದೆತಾಯಿಗಳು ಕೇಳುವುದುಂಟು. ಬರೆದುದನ್ನು ಬಚ್ಚಿಡದೆ, ಎಲ್ಲರೂ ಓದಿ, ತಿದ್ದಿ, ಬಳಸುವಂತೆ ಬಿಟ್ಟುಕೊಡುವ ಓಪನ್ ಸೋರ್ಸ್ ಪದ್ಧತಿಯ ವಿಷಯವನ್ನು ಕೇಳಿದರಂತೂ ಅವರಿಗೆ ಮತ್ತೊಂದು ಸಂಶಯ ಹುಟ್ಟುವುದು: ಎಲ್ಲರ ಕಣ್ಣೆದುರಿನಲ್ಲಿ ಮಾಡಿದ ಬೀಗದ ಗುಟ್ಟು ಕಳ್ಳನಿಗೂ ತಿಳಿಯುವುದಿಲ್ಲವೆ? ಒಬ್ಬ ಎಂಜಿನಿಯರರ ಕೆಲಸವನ್ನು ಪರಿಶೀಲಿಸಿ ಈ ಪ್ರಶ್ನೆಗೆ ಉತ್ತರವನ್ನು ಹುಡುಕೋಣ.

ಕಂಟೇನರ್ ಎಂದರೇನು?

ಒಂದು ದೊಡ್ಡ ವಿದ್ಯಾರ್ಥಿನಿಲಯವನ್ನು ನೆನೆದುಕೊಳ್ಳೋಣ. ಕೋಣೆಗಳು ಬೇರೆ ಬೇರೆ. ಬಾವಿ, ಅಡಿಗೆಮನೆ, ಉಗ್ರಾಣ ಮಾತ್ರ ಒಂದೇ. ಕಂಟೇನರುಗಳ ರೀತಿಯೂ ಹೀಗೆಯೇ. ಒಂದೇ ಗಣಕಯಂತ್ರದಲ್ಲಿ ಅನೇಕ ಪ್ರೋಗ್ರಾಮುಗಳು ತಮ್ಮ ತಮ್ಮ ಕೋಣೆಗಳಲ್ಲಿ ನಡೆಯುತ್ತವೆ. ಪ್ರತಿಯೊಂದಕ್ಕೂ ತನ್ನ ಕೋಣೆಯೇ ಇಡೀ ಯಂತ್ರವೆಂಬಂತೆ ತೋರುತ್ತದೆ. ಆದರೆ ಅವೆಲ್ಲಕ್ಕೂ ಯಂತ್ರದ ಶಕ್ತಿಯನ್ನು ಹಂಚಿಕೊಡುವ ‘ಕರ್ನೆಲ್’ ಒಂದೇ. ಬೇರೆ ಬೇರೆ ಮನೆಗಳನ್ನು ಕಟ್ಟುವುದಕ್ಕಿಂತ ಇದರಲ್ಲಿ ವೆಚ್ಚ ಕಡಿಮೆ, ಅಪಾಯವೋ ಹೆಚ್ಚು. ಒಂದು ಕೋಣೆಯವರು ಉಗ್ರಾಣದ ಬೀಗದ ಕೈಯನ್ನು ವಶಪಡಿಸಿಕೊಂಡರೆ ಇಡೀ ನಿಲಯಕ್ಕೇ ಕೇಡು.

ಕೋಣೆಗಳನ್ನು ಬೇರ್ಪಡಿಸುವ ಯತ್ನವು 1979ರ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿಯೇ ಮೊದಲಾಗಿತ್ತು. 2013ರಲ್ಲಿ ಡಾಕರ್ ಎಂಬ ತಂತ್ರಾಂಶವು ಪ್ರಕಟವಾದ ಮೇಲೆ ಈ ಪದ್ಧತಿಯು ಜಗತ್ತಿನಲ್ಲೆಲ್ಲ ಹಬ್ಬಿತು. ಕೋಣೆಯನ್ನು ಏರ್ಪಡಿಸಿ ಒಳಗಿನ ಕೆಲಸವನ್ನು ಆರಂಭಿಸಿಕೊಡುವ ಅದರ ಭಾಗವನ್ನು 2015ರಲ್ಲಿ ‘ರನ್‌ಸಿ’ ಎಂಬ ಹೆಸರಿನಿಂದ ಪ್ರತ್ಯೇಕಿಸಿ ಸಾರ್ವಜನಿಕರ ಸೊತ್ತಾಗಿ ಮಾಡಲಾಯಿತು.

ಒಬ್ಬ ಎಂಜಿನಿಯರರ ಕೆಲಸ

ರನ್‌ಸಿಯ ಪಾಲಕರಲ್ಲಿ ಆಸ್ಟ್ರೇಲಿಯಾ ದೇಶದ ಅಲೆಕ್ಸಾ ಸರಾಯ್ ಎಂಬವರು ಒಬ್ಬರು. ಒಂದು ಕೋಣೆಯವರು ಲೆಕ್ಕವಿಲ್ಲದಷ್ಟು ಅತಿಥಿಗಳನ್ನು ಕರೆದರೆ ಉಳಿದವರಿಗೆ ಊಟವೇ ಸಿಕ್ಕದು. ಹಾಗೆಯೇ ಒಂದು ದುಷ್ಟ ಪ್ರೋಗ್ರಾಂ ತನ್ನಂಥವನ್ನೇ ಹುಟ್ಟಿಸುತ್ತ ಹೋಗಿ ಯಂತ್ರವನ್ನು ಸ್ತಬ್ಧಗೊಳಿಸಬಲ್ಲದು. ಇವುಗಳ ಸಂಖ್ಯೆಗೆ ಮಿತಿಯನ್ನು ಹಾಕುವ ಸಾಧನವನ್ನು ಸರಾಯ್ ರಚಿಸಿದರು. ಅದು 2015ರಲ್ಲಿ ಲಿನಕ್ಸ್ 4.3ರಲ್ಲಿ ಸೇರಿತು. ಯಂತ್ರದ ಸರ್ವಾಧಿಕಾರವಿಲ್ಲದ ಸಾಮಾನ್ಯ ಬಳಕೆದಾರರೂ ಕಂಟೇನರನ್ನು ನಡೆಸುವಂತೆ ಅವರು ಮಾಡಿದ ಏರ್ಪಾಡು 2017ರಲ್ಲಿ ರನ್‌ಸಿಯೊಳಕ್ಕೆ ಬಂದಿತು.

2019ರ ಪರೀಕ್ಷೆ

2018ರ ಡಿಸೆಂಬರಿನಲ್ಲಿ ನಡೆದ ಒಂದು ಸ್ಪರ್ಧೆಯ ಸಮಸ್ಯೆಯಿಂದ ಪ್ರೇರಿತರಾಗಿ, ಆಡಮ್ ಇವಾನ್ಯುಕ್ ಮತ್ತು ಬೋರಿಸ್ ಪೊಪ್ಲಾವ್‌ಸ್ಕಿ ಎಂಬಿಬ್ಬರು ಸಂಶೋಧಕರು ರನ್‌ಸಿಯಲ್ಲಿ ಒಂದು ಭಾರೀ ದೋಷವನ್ನು ಕಂಡುಹಿಡಿದರು. ಅದರ ಸ್ವರೂಪವನ್ನು ಹೀಗೆ ತಿಳಿಯಬಹುದು. ಮೇಲ್ವಿಚಾರಕಿಯು ತನ್ನ ಆಜ್ಞಾಪುಸ್ತಕವನ್ನು ಹಿಡಿದುಕೊಂಡೇ ಕೋಣೆಯೊಳಕ್ಕೆ ಬರುತ್ತಾಳೆ. ಒಳಗಿನ ದುಷ್ಟರು ಆ ಪುಸ್ತಕದಲ್ಲಿಯೇ ತಮ್ಮ ಆಜ್ಞೆಯನ್ನು ಬರೆದುಬಿಡುತ್ತಾರೆ. ಮುಂದಿನ ಸಲ ಅದನ್ನು ತೆರೆದಾಗ ನಿಲಯದಲ್ಲೆಲ್ಲ ನಡೆಯುವುದು ದುಷ್ಟರ ಆಜ್ಞೆಯೇ. ಇಲ್ಲಿ ಆ ಪುಸ್ತಕವೆಂದರೆ ರನ್‌ಸಿಯೇ.

ಪಾಲಕರು ಮಾಡಿದ್ದೇನು? ಮೊದಲು ರನ್‌ಸಿಯನ್ನು ಬಳಸುವ ಸಂಸ್ಥೆಗಳಿಗೆ ಗುಟ್ಟಾಗಿ ತಿಳಿಸಿದರು. 2019ರ ಫೆಬ್ರವರಿ 11ರಂದು, ಆಗ ಜರ್ಮನಿಯಲ್ಲಿ ಹುಟ್ಟಿದ ಸೂಸೆ ಸಂಸ್ಥೆಯ ಉದ್ಯೋಗಿಯಾಗಿದ್ದ ಸರಾಯ್, ದೋಷವನ್ನೂ ಅದರ ಪರಿಹಾರವನ್ನೂ ಒಟ್ಟಿಗೆ ಬಹಿರಂಗಪಡಿಸಿದರು. ದಾಳಿಯ ಮಾದರಿಯನ್ನು ಮಾತ್ರ ಏಳು ದಿವಸ ತಡೆದು ಹೊರಗೆಡಹುವುದಾಗಿ ಹೇಳಿದರು. ಅಷ್ಟರಲ್ಲಿ ಎಲ್ಲರೂ ತಮ್ಮ ಯಂತ್ರಗಳನ್ನು ಸರಿಪಡಿಸಿಕೊಳ್ಳಲೆಂಬುದೇ ಉದ್ದೇಶ. ಪರಿಹಾರವು ಸರಳವಾಗಿತ್ತು: ಮೂಲಪುಸ್ತಕವನ್ನು ಹೊರಗೇ ಇಟ್ಟು, ಯಾರೂ ತಿದ್ದಲಾಗದಂತೆ ಮುದ್ರೆಯೊತ್ತಿದ ನಕಲನ್ನು ಮಾತ್ರ ಒಳಕ್ಕೆ ಒಯ್ಯುವುದು. ಎಲ್‌ಎಕ್ಸ್‌ಸಿ ಎಂಬ ಬೇರೊಂದು ತಂತ್ರಾಂಶದಲ್ಲಿಯೂ ಇಂಥದೇ ದೋಷವಿರುವುದನ್ನು ಸರಾಯ್ ಕಂಡುಕೊಂಡರು. ಕೋಣೆಯೊಳಗಿನ ಒಡೆಯನಿಗೆ ಹೊರಗೆ ಯಾವ ಅಧಿಕಾರವೂ ಇಲ್ಲದಂತೆ ಮೊದಲೇ ಏರ್ಪಡಿಸಿದ್ದ ಕಡೆಗಳಲ್ಲಿ ಈ ದಾಳಿಯು ಸಾಗಲಿಲ್ಲವೆಂಬುದು ಗಮನಾರ್ಹ.

ಮುಗಿಯದ ಕೆಲಸ

ಕಡತವೊಂದರ ದಾರಿಯನ್ನು ಹಿಡಿದು ಹೋಗುವಾಗ ಗೊತ್ತುಮಾಡಿದ ಎಲ್ಲೆಯನ್ನು ಮೀರದಂತೆ ಕರ್ನೆಲಿಗೆ ವಿಧಿಸುವ ಉಪಾಯವನ್ನೂ ಸರಾಯ್ ರಚಿಸಿದರು. ಅದು 2020ರ ಮಾರ್ಚಿನಲ್ಲಿ ಲಿನಕ್ಸ್ 5.6ರಲ್ಲಿ ಬಂದಿತು. ಹಾಗೆಂದು ದೋಷಗಳು ತೀರಿಹೋಗಲಿಲ್ಲ. 2024ರ ಜನವರಿಯಲ್ಲಿ, ಮುಚ್ಚಲು ಮರೆತ ಬಾಗಿಲಿನಂಥ ಒಂದು ಲೋಪವೂ, 2025ರ ನವೆಂಬರಿನಲ್ಲಿ ಮತ್ತೆ ಮೂರು ದೋಷಗಳೂ ರನ್‌ಸಿಯಲ್ಲಿ ಪ್ರಕಟವಾದವು. ಪ್ರತಿ ಸಲವೂ ಪರಿಹಾರವು ಜೊತೆಯಲ್ಲಿಯೇ ಬಂದಿತು. ಇದು ಒಮ್ಮೆ ಕಟ್ಟಿ ಕೈ ತೊಳೆದುಕೊಳ್ಳುವ ಕೆಲಸವಲ್ಲ; ವರುಷ ವರುಷವೂ ಹೆಂಚು ಕೈಯಾಡಿಸುವ ಕೆಲಸ.

ನಾವು ಕಲಿಯತಕ್ಕದ್ದು

ಒಂದನೆಯದು: ಯಾವ ಕೆಲಸಕ್ಕೂ ಅದಕ್ಕೆ ಬೇಕಾದಷ್ಟೇ ಅಧಿಕಾರವನ್ನು ಕೊಡಬೇಕು. ಎಲ್ಲರ ಕೈಗೂ ಉಗ್ರಾಣದ ಬೀಗದ ಕೈಯನ್ನು ಕೊಟ್ಟು ಕಾವಲುಗಾರನನ್ನು ದೂರಿ ಫಲವಿಲ್ಲ.

ಎರಡನೆಯದು: ಬೀಗದ ಭದ್ರತೆಯು ಅದರ ರಚನೆಯನ್ನು ಮುಚ್ಚಿಡುವುದರಿಂದ ಬರುವುದಿಲ್ಲ, ಬೀಗದ ಕೈಯನ್ನು ಜೋಪಾನವಾಗಿ ಇಡುವುದರಿಂದ ಬರುತ್ತದೆ. ಕಳ್ಳನ ಕಣ್ಣಿಗೆ ಬೀಳುವ ರಚನೆಯು ಪರೀಕ್ಷಕರ ಕಣ್ಣಿಗೂ ಬೀಳುತ್ತದೆ. ಆದರೆ ತೆರೆದಿಟ್ಟ ಮಾತ್ರಕ್ಕೆ ಸಾಲದು. ನಿಜವಾಗಿ ಕುಳಿತು ಓದುವವರು ಬೇಕು. 2019ರ ದೋಷವೂ ಯಾರೋ ಇಬ್ಬರು ಶ್ರಮಪಟ್ಟು ಹುಡುಕುವವರೆಗೆ ಎಲ್ಲರ ಕಣ್ಣೆದುರಿನಲ್ಲಿಯೇ ಇದ್ದಿತಲ್ಲವೆ?

ಮೂರನೆಯದು: ಹೀಗೆ ಬಿಟ್ಟುಕೊಟ್ಟ ಕೆಲಸದಿಂದ ಜೀವನ ನಡೆಯದೆಂದು ತಂದೆತಾಯಿಗಳು ಅಂಜಬೇಕಾಗಿಲ್ಲ. ಅದನ್ನು ನೆಚ್ಚಿರುವ ಸಂಸ್ಥೆಗಳು ಅದನ್ನು ಬಲ್ಲವರಿಗೆ ಸಂಬಳವನ್ನು ಕೊಟ್ಟು ಇರಿಸಿಕೊಳ್ಳುತ್ತವೆ. ಕಲಿಯಲಿಚ್ಛಿಸುವ ಹುಡುಗಿಯು ಮೂಲಬರಹವನ್ನು ಓದಲು ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ; ಒಂದು ಸಣ್ಣ ತಪ್ಪನ್ನು ಕಂಡು ತಿದ್ದಿ ಕಳುಹಿಸಿದರೆ ಅದೇ ಮೊದಲ ಮೆಟ್ಟಲು. ಓದುವವರು ಕಡಿಮೆಯಾದ ಕಡೆಯಲ್ಲಿಯೇ ದೋಷಗಳು ಅಡಗಿರುತ್ತವೆ. ಆದುದರಿಂದ ನಮ್ಮ ಹೆಣ್ಣುಮಕ್ಕಳ ಕಣ್ಣುಗಳೂ ಈ ಕಾವಲಿಗೆ ಬೇಕಾಗಿವೆ.